ಹಾಡು ಯಾರದ್ದು? ಬರೆದವರದ್ದಾ, ಹಾಡಿದವರದ್ದಾ?

1/10

'ಐ ವಿಲ್ ಆಲ್ವೇಸ್ ಲವ್ ಯೂ' ಅಂದ ತಕ್ಷಣ ನಿಮ್ಮ ಕಿವೀಲಿ ಯಾರ ದನಿ ಬಂತು? ವಿಟ್ನಿ ಹ್ಯೂಸ್ಟನ್ ಅವರದ್ದೇ ಇರಬೇಕು. ಇಂಗ್ಲಿಷ್ ಹಾಡಿನ ಕಡೆ ತಲೆ ಹಾಕದವರಿಗೂ ಆ ಎತ್ತರದ ಸ್ವರ ಗೊತ್ತು. ಟ್ಯಾಲೆಂಟ್ ಶೋಗಳಲ್ಲಿ ಕೇಳಿರ್ತೀರ, ತಮಾಷೆ ರೀಲ್ಸ್‌ನಲ್ಲಿ ಕೇಳಿರ್ತೀರ, ಯಾರದೋ ಮದುವೆ ವಿಡಿಯೊದಲ್ಲೂ ಕೇಳಿರ್ತೀರ.

ಆದ್ರೆ ಈ ಹಾಡು ಮದುವೆಗೆ ಬರೆದದ್ದಲ್ಲ. ಪ್ರೇಮಿಗೆ ಬರೆದದ್ದೂ ಅಲ್ಲ. ಕೆಲಸ ಬಿಡೋಕೆ ಹೊರಟ ಒಬ್ಬ ಹೆಣ್ಣುಮಗಳು ತನ್ನ ಜೊತೆ ಹಾಡ್ತಿದ್ದ, ತನಗೆ ಅವಕಾಶ ಕೊಟ್ಟಿದ್ದ ವ್ಯಕ್ತಿಗೆ ಬರೆದ ವಿದಾಯ. ಒಂಥರಾ ರಾಜೀನಾಮೆ ಪತ್ರ. ಬರೆದವರು ಡಾಲಿ ಪಾರ್ಟನ್. ರೆಕಾರ್ಡ್ ಆದದ್ದು 1973ರಲ್ಲಿ, ವಿಟ್ನಿ ಹಾಡೋದಕ್ಕೆ ಸುಮಾರು 19 ವರ್ಷ ಮೊದಲು.

"ಒರಿಜಿನಲ್ ಚೆನ್ನಾಗಿದೆಯಾ, ಕವರ್ ಚೆನ್ನಾಗಿದೆಯಾ" ಅಂತ ಕಾಮೆಂಟ್‌ಗಳಲ್ಲಿ ಜಗಳ ನಡೀತಾನೇ ಇರುತ್ತೆ. ನನ್ನ ಪ್ರಕಾರ ಆ ಜಗಳದಿಂದ ಏನೂ ಸಿಗಲ್ಲ. ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಹಾಡು ಕೈಯಿಂದ ಕೈಗೆ ಹೋಗ್ತಾ ಇರುವಾಗ ಬರೆದವರ ಹೆಸರು ಮತ್ತು ಪಾಲು ಎಲ್ಲಿ ಉಳಿಯುತ್ತೆ? ಈ ಸರಣಿ ಪೂರ್ತಿ ಅದರ ಬಗ್ಗೆಯೇ. ಓದ್ತಿರೋದು ಬಿ.ಕಾಂ, ಹಾಗಾಗಿ ನಡುವೆ ಸ್ವಲ್ಪ ಲೆಕ್ಕ ಬರುತ್ತೆ. ಹೆದರಬೇಡಿ, ಗುಣಾಕಾರ ಅಷ್ಟೇ.

2/10

ಮೊದಲು ಕಥೆ.

ಡಾಲಿ ಹುಟ್ಟಿದ್ದು 1946ರಲ್ಲಿ, ಅಮೆರಿಕದ ಟೆನೆಸೀ ರಾಜ್ಯದ ಬೆಟ್ಟದ ಸೀಮೆಯಲ್ಲಿ. ಬಡ ರೈತರ ಮನೆ, ಹನ್ನೆರಡು ಮಕ್ಕಳಲ್ಲಿ ನಾಲ್ಕನೆಯವರು. 1964ರಲ್ಲಿ ಹೈಸ್ಕೂಲ್ ಮುಗಿಸಿದ ಮರುದಿನವೇ ಹಾಡು ಬರೆದು ಬದುಕ್ತೀನಿ ಅಂತ ನ್ಯಾಶ್‌ವಿಲ್‌ಗೆ ಹೊರಟುಬಿಟ್ರು.

1967ರಲ್ಲಿ ಪೋರ್ಟರ್ ವ್ಯಾಗನರ್ ಅನ್ನೋ ಕಂಟ್ರಿ ಗಾಯಕ ತಮ್ಮ ಟಿವಿ ಕಾರ್ಯಕ್ರಮಕ್ಕೆ ಡಾಲಿಯನ್ನ ಸೇರಿಸಿಕೊಂಡ್ರು. ಆಗ ಪೋರ್ಟರ್ ದೊಡ್ಡ ಹೆಸರು. ಅಲ್ಲಿ ಮೊದಲು ಹಾಡ್ತಿದ್ದ ನಾರ್ಮಾ ಜೀನ್ ಅವರನ್ನ ಜನ ಎಷ್ಟು ಹಚ್ಚಿಕೊಂಡಿದ್ರು ಅಂದ್ರೆ, ಹೊಸ ಹುಡುಗಿ ವೇದಿಕೆಗೆ ಬಂದಾಗ ಹಳಬರ ಹೆಸರು ಕೂಗ್ತಿದ್ರು. ನಿಧಾನಕ್ಕೆ ಡಾಲಿ ಅದೇ ಜನರನ್ನ ಗೆದ್ದರು. ಇಬ್ಬರೂ ಸೇರಿ ಹಾಡಿದ ಯುಗಳ ಗೀತೆಗಳು ಹಿಟ್ ಮೇಲೆ ಹಿಟ್ ಆದವು.

ಐದು ವರ್ಷ ಇರ್ತೀನಿ ಅಂತ ಮಾತಾಗಿತ್ತು. ಐದು ಕಳೆದು ಏಳನೇ ವರ್ಷ ಬಂತು. ಡಾಲಿಗೆ ತಮ್ಮದೇ ದಾರಿ ಹಿಡಿಯೋ ಆಸೆ, ಪೋರ್ಟರ್‌ಗೆ ಬಿಡೋಕೆ ಮನಸ್ಸಿಲ್ಲ. ದಿನಾ ವಾದ. ನಾವು ನೀವು ಆಗಿದ್ರೆ ಒಂದೋ ಸುಮ್ಮನಾಗ್ತಿದ್ವಿ, ಇಲ್ಲ ಬಾಗಿಲು ಬಡಿದು ಎದ್ದು ಹೋಗ್ತಿದ್ವಿ. ಡಾಲಿ ಮನೆಗೆ ಹೋಗಿ ಒಂದು ಹಾಡು ಬರೆದ್ರು. ಮರುದಿನ ಪೋರ್ಟರ್ ಆಫೀಸಿಗೆ ಹೋಗಿ, ಕೂರಿಸಿ, ಅವರ ಮುಂದೆಯೇ ಹಾಡಿದ್ರು. ಪೋರ್ಟರ್ ಅತ್ತುಬಿಟ್ರಂತೆ. ಹೋಗು, ಆದ್ರೆ ಈ ಹಾಡಿನ ರೆಕಾರ್ಡನ್ನ ನಾನೇ ಮಾಡಿಸ್ತೀನಿ ಅಂದರಂತೆ. ಇದನ್ನ ಡಾಲಿಯೇ ಎಷ್ಟೋ ಸಂದರ್ಶನಗಳಲ್ಲಿ ಹೇಳಿದ್ದಾರೆ.

3/10

ಹಾಗಂತ ಇಬ್ಬರ ನಡುವೆ ಎಲ್ಲ ಸುಸೂತ್ರ ಆಯ್ತು ಅಂದುಕೊಳ್ಳಬೇಡಿ. 1979ರಲ್ಲಿ ಪೋರ್ಟರ್ ಡಾಲಿ ಮೇಲೆ ಸುಮಾರು 30 ಲಕ್ಷ ಡಾಲರಿಗೆ ಕೇಸ್ ಹಾಕಿದ್ರು. ಕೊನೆಗೆ ಕೋರ್ಟಿನ ಹೊರಗೆ ರಾಜಿ ಆಯ್ತು. ವರ್ಷಗಳಾದ ಮೇಲೆ ಮನಸ್ಸೂ ರಾಜಿ ಆಯ್ತು. 2007ರಲ್ಲಿ ಪೋರ್ಟರ್ ತೀರಿಕೊಳ್ಳೋ ಮುಂಚೆ ಡಾಲಿ ಅವರನ್ನ ನೋಡೋಕೆ ಹೋಗಿದ್ರು.

ಈಗ 1974ರ ಆ ರೆಕಾರ್ಡ್ ಹುಡುಕಿ ಕೇಳಿ. ಮೂರು ನಿಮಿಷವೂ ಇಲ್ಲ. ಗಿಟಾರ್ ಇದೆ, ಮೆಲ್ಲಗಿನ ಕೋರಸ್ ಇದೆ, ಮಧ್ಯೆ ಡಾಲಿಯ ತೆಳುವಾದ ದನಿ. ಕೊನೆಯ ಚರಣವನ್ನ ಅವರು ಹಾಡೋದೇ ಇಲ್ಲ, ಮಾತಾಡ್ತಾರೆ. ಎದುರಿಗೆ ಕೂತವರ ಮುಖ ನೋಡಿ ಹೇಳಿದ ಹಾಗೆ. ನಿನಗೆ ಒಳ್ಳೇದಾಗಲಿ ಅಂತ ಹರಸಿ ಹೊರಡೋದು, ಅಷ್ಟೇ ಇರೋದು ಅದರಲ್ಲಿ.

ನಮ್ಮಲ್ಲಿ ಪ್ರೀತಿ ಗೀತೆ ಅಂದ್ರೆ ಒಂದೋ "ಬಾ", ಇಲ್ಲಾ "ಯಾಕೆ ಬಿಟ್ಟುಹೋದೆ". ಬಿಟ್ಟು ಹೋಗೋರೇ ನಿಂತು, ಬೈಯದೆ, ನೆಪ ಹೇಳದೆ ಒಳ್ಳೇದು ಬಯಸೋ ಹಾಡು ಅಪರೂಪ. ಈ ಹಾಡನ್ನ ಗಂಡು, ಹೆಣ್ಣು, ಗೆಳೆಯ, ಮಗಳು ಯಾರು ಯಾರಿಗೆ ಬೇಕಾದ್ರೂ ಹಾಡಬಹುದು. ಇಷ್ಟೊಂದು ಜನ ಇದನ್ನ ತಮ್ಮದು ಮಾಡಿಕೊಂಡಿದ್ದಕ್ಕೆ ಅದೇ ಕಾರಣ ಅಂತ ನನಗನ್ಸುತ್ತೆ.

ಹಾಡು ಅಮೆರಿಕದ ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಆಮೇಲೆ ಒಂದು ಫೋನ್ ಕರೆ ಬಂತು.

4/10

ಎಲ್ವಿಸ್ ಪ್ರೀಸ್ಲಿ ಹಾಡ್ತಾರಂತೆ!

ಆ ಕಾಲಕ್ಕೆ ಇದಕ್ಕಿಂತ ದೊಡ್ಡ ಸುದ್ದಿ ಯಾವುದಿತ್ತು ಹೇಳಿ. ಡಾಲಿ ಗೊತ್ತಿದ್ದವರಿಗೆಲ್ಲ ಹೇಳಿಕೊಂಡು ಖುಷಿಯಲ್ಲಿದ್ರು. ರೆಕಾರ್ಡಿಂಗ್ ಹಿಂದಿನ ರಾತ್ರಿ ಎಲ್ವಿಸ್ ಮ್ಯಾನೇಜರ್ ಕರ್ನಲ್ ಟಾಮ್ ಪಾರ್ಕರ್ ಒಂದು ಷರತ್ತು ಇಟ್ಟರು: ಎಲ್ವಿಸ್ ಹಾಡಬೇಕು ಅಂದ್ರೆ ಹಾಡಿನ ಪಬ್ಲಿಷಿಂಗ್ ಹಕ್ಕಿನಲ್ಲಿ ಅರ್ಧ ಬಿಟ್ಟುಕೊಡಬೇಕು. ಎಲ್ವಿಸ್ ದನಿ ಸಿಗುತ್ತೆ ಅಂದ್ರೆ ಬರೆದವರು ಪಾಲು ಬಿಡೋದು ಆಗ ಮಾಮೂಲಿ ವ್ಯವಹಾರ.

ಡಾಲಿ ಆಗಲ್ಲ ಅಂದ್ರು. ರಾತ್ರಿಯಿಡೀ ಅತ್ತರಂತೆ. ಸುತ್ತ ಇದ್ದವರು ಹುಚ್ಚಾ ನಿನಗೆ ಅಂತ ಕೇಳಿದ್ರಂತೆ. ಆದ್ರೂ ಮಾತು ಬದಲಾಯಿಸಲಿಲ್ಲ. ಎಲ್ವಿಸ್ ಆ ಹಾಡನ್ನ ರೆಕಾರ್ಡ್ ಮಾಡಲೇ ಇಲ್ಲ.

ಇಲ್ಲಿ ಒಂದು ಕಾನೂನಿನ ವಿಷಯ ತಿಳ್ಕೊಂಡ್ರೆ ಕಥೆ ಇನ್ನೂ ಸ್ಪಷ್ಟ ಆಗುತ್ತೆ. ಅಮೆರಿಕದಲ್ಲಿ ಒಂದು ಹಾಡಿನ ರೆಕಾರ್ಡ್ ಒಮ್ಮೆ ಹೊರಗೆ ಬಂದ ಮೇಲೆ, ಅದನ್ನ ಬೇರೆ ಯಾರು ಬೇಕಾದ್ರೂ ಮತ್ತೆ ಹಾಡಿ ರೆಕಾರ್ಡ್ ಮಾಡಬಹುದು. ಬರೆದವರ ಒಪ್ಪಿಗೆ ಬೇಕಿಲ್ಲ, ಕಾನೂನು ಗೊತ್ತು ಮಾಡಿದ ದರ ಕೊಟ್ಟರೆ ಸಾಕು. ಅಂದ್ರೆ ಎಲ್ವಿಸ್ ಕಡೆಯವರು ಪ್ರತಿಗೆ ಇಷ್ಟು ಅಂತ ಕಟ್ಟಿ ಹಾಡಬಹುದಿತ್ತು. ಡಾಲಿ ತಡೆಯೋಕೆ ಆಗ್ತಿರಲಿಲ್ಲ.

ಅವರಿಗೆ ಬೇಕಿದ್ದದ್ದು ಹಾಡೋ ಅವಕಾಶ ಅಲ್ಲ. ಹಾಡಿನ ಒಡೆತನದಲ್ಲಿ ಪಾಲು. ಮರದಿಂದ ಒಂದು ಬುಟ್ಟಿ ಮಾವು ಕೊಳ್ಳೋಕೆ ಬಂದವರು, ಮರದಲ್ಲೇ ಅರ್ಧ ಬರೆದುಕೊಡು ಅಂದ ಹಾಗೆ.

5/10

"ಅರ್ಧ ಹೋದ್ರೆ ಏನಂತೆ, ಎಲ್ವಿಸ್ ಹಾಡಿದ್ರೆ ಆ ಅರ್ಧವೇ ರಾಶಿ ಆಗ್ತಿತ್ತಲ್ವಾ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಚಿಕ್ಕದರಲ್ಲಿ ಪೂರ್ತಿಗಿಂತ ದೊಡ್ಡದರಲ್ಲಿ ಅರ್ಧ ಲಾಭ, ಇದು ಯಾರಿಗಾದ್ರೂ ಹೊಳೆಯುತ್ತೆ.

ಆದ್ರೆ ಪಾರ್ಕರ್ ಕೇಳಿದ್ದು ಎಲ್ವಿಸ್ ರೆಕಾರ್ಡಿನ ದುಡ್ಡಲ್ಲಿ ಮಾತ್ರ ಪಾಲಲ್ಲ. ಹಾಡಿನ ಹಕ್ಕಲ್ಲೇ ಪಾಲು. ಅಂದ್ರೆ ಅದಾದ ಮೇಲೆ ಯಾರೇ ಹಾಡಲಿ, ಯಾವ ಸಿನಿಮಾಕ್ಕೇ ಹೋಗಲಿ, ಆ ಪಾಲು ಹೋಗ್ತಾನೇ ಇರುತ್ತೆ. ಇವತ್ತಿನ ಒಂದು ಮಾರಾಟಕ್ಕೆ ಮುಂದಿನ ಎಲ್ಲ ಮಾರಾಟಗಳನ್ನ ಅಡ ಇಟ್ಟ ಹಾಗೆ.

ಮುಂದೆ ಏನಾಯ್ತು ನೋಡಿ.

1975ರಲ್ಲಿ ಲಿಂಡಾ ರಾನ್‌ಸ್ಟಾಟ್ ತಮ್ಮ ಆಲ್ಬಮ್ ಒಂದಕ್ಕೆ ಇದನ್ನ ಹಾಡಿದ್ರು. ಡಾಲಿ ಮಾತಾಡಿದ್ದ ಆ ಕೊನೆಯ ಚರಣ ಅದರಲ್ಲಿ ಇಲ್ಲ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1982ರಲ್ಲಿ ಡಾಲಿ ತಾವು ನಟಿಸಿದ ಒಂದು ಹಾಲಿವುಡ್ ಸಿನಿಮಾಗೆ ಅದೇ ಹಾಡನ್ನ ಹೊಸದಾಗಿ ಹಾಡಿದ್ರು. ಅದೂ ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಒಂದೇ ಹಾಡು, ಅದೇ ಗಾಯಕಿ, ಎಂಟು ವರ್ಷದ ಅಂತರದಲ್ಲಿ ಎರಡು ಸಲ ನಂಬರ್ ಒನ್! ಆ ಪಟ್ಟಿಯಲ್ಲಿ ಹಾಗೆ ಮೊದಲು ಮಾಡಿ ತೋರಿಸಿದವರು ಇವರೇ.

ಇಷ್ಟಕ್ಕೇ ನಿಂತಿದ್ರೂ ಸಾಕಿತ್ತು. ಆದ್ರೆ ಅಸಲಿ ಆಟ ಇನ್ನೂ ಹತ್ತು ವರ್ಷ ದೂರದಲ್ಲಿತ್ತು.

6/10

1992. 'ದಿ ಬಾಡಿಗಾರ್ಡ್' ಸಿನಿಮಾ. ನಾಯಕ ಕೆವಿನ್ ಕಾಸ್ಟ್ನರ್, ನಾಯಕಿ ವಿಟ್ನಿ ಹ್ಯೂಸ್ಟನ್. ವಿಟ್ನಿಗೆ ಅದೇ ಮೊದಲ ಸಿನಿಮಾ.

ಆ ಜಾಗಕ್ಕೆ ಮೊದಲು ಬೇರೆ ಹಳೇ ಹಾಡು ಗೊತ್ತಾಗಿತ್ತು. ಅದು ಅಷ್ಟರಲ್ಲೇ ಇನ್ನೊಂದು ಸಿನಿಮಾದಲ್ಲಿ ಬಂದುಬಿಟ್ಟಿದ್ದರಿಂದ ಬಿಡಬೇಕಾಯ್ತು. ಆಗ ಕಾಸ್ಟ್ನರ್ ಈ ಹಾಡನ್ನ ಸೂಚಿಸಿದ್ರು, ಕೇಳಿಸಿದ್ದು ಲಿಂಡಾ ಅವರ ರೆಕಾರ್ಡ್. ಸಂಗೀತ ನಿರ್ಮಾಪಕ ಡೇವಿಡ್ ಫಾಸ್ಟರ್ ಡಾಲಿಗೆ ಫೋನ್ ಮಾಡಿದಾಗ ಡಾಲಿ, ಅದರಲ್ಲಿ ಕೊನೆಯ ಚರಣ ಇಲ್ಲ ಅಂತ ಎಚ್ಚರಿಸಿ, ಬಿಟ್ಟುಹೋಗಿದ್ದ ಸಾಲುಗಳನ್ನ ಕೊಟ್ಟರು. ವಿಟ್ನಿ ರೆಕಾರ್ಡಿನಲ್ಲಿ ಆ ಚರಣ ಇದೆ. ಆ ಫೋನ್ ಆಗದೇ ಇದ್ದಿದ್ರೆ ಹಾಡಿನ ಹರಕೆಯ ಭಾಗವೇ ಇಲ್ಲದೆ ಲೋಕಕ್ಕೆಲ್ಲ ಹಬ್ಬಿರ್ತಿತ್ತು.

ಶುರುವಿನಲ್ಲಿ ಯಾವ ವಾದ್ಯವೂ ಇಲ್ಲದೆ ಬರೀ ದನಿ ಕೇಳುತ್ತಲ್ಲ, ಅದು ಕಾಸ್ಟ್ನರ್ ಹಟ. ರೇಡಿಯೊದವರು ಹಾಕಲ್ಲ ಅಂತ ರೆಕಾರ್ಡ್ ಕಂಪನಿಗೆ ಭಯ. ಆಮೇಲೆ ಮೆಲ್ಲಗೆ ವಾದ್ಯಗಳು ಸೇರ್ತವೆ, ಕರ್ಕ್ ವೇಲಮ್ ಸ್ಯಾಕ್ಸೊಫೋನ್ ಬರುತ್ತೆ, ಒಂದು ಕ್ಷಣ ಎಲ್ಲ ನಿಂತು, ಡ್ರಮ್ಮಿನ ಒಂದೇ ಏಟು, ಶ್ರುತಿ ಏರುತ್ತೆ.

ಬಿಲ್‌ಬೋರ್ಡ್ ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನ. ಆಗಿನ ಮಟ್ಟಿಗೆ ದಾಖಲೆ. 1994ರ ಗ್ರ್ಯಾಮಿಯಲ್ಲಿ ರೆಕಾರ್ಡ್ ಆಫ್ ದಿ ಇಯರ್.

ಡಾಲಿ ಇದನ್ನ ಮೊದಲು ಪೂರ್ತಿ ಕೇಳಿದ್ದು ಕಾರಿನ ರೇಡಿಯೊದಲ್ಲಿ. ಗಾಡಿ ಎಲ್ಲಾದ್ರೂ ಗುದ್ದಿಬಿಡ್ತೀನೇನೋ ಅನ್ನಿಸಿ ಪಕ್ಕಕ್ಕೆ ನಿಲ್ಲಿಸಿದ್ರಂತೆ.

7/10

ಈಗ ಲೆಕ್ಕ. ಕ್ಯಾಲ್ಕುಲೇಟರ್ ಬೇಡ.

1992ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಪ್ರತಿ ಒಂದು ಪ್ರತಿಗೆ, ಒಂದು ಹಾಡಿಗೆ, ಬರೆದವರ ಕಡೆಗೆ ಸಲ್ಲಬೇಕಾಗಿದ್ದ ಕಾನೂನಿನ ದರ 6.25 ಸೆಂಟ್. 'ಬಾಡಿಗಾರ್ಡ್' ಆಲ್ಬಮ್ ಅಮೆರಿಕದಲ್ಲೇ 1.7 ಕೋಟಿಗೂ ಹೆಚ್ಚು ಪ್ರತಿ ಅಂತ ಪ್ರಮಾಣಿತವಾಗಿದೆ. ಎಲ್ಲದಕ್ಕೂ ಪೂರ್ತಿ ದರ ಸಿಕ್ತು ಅಂತ ಇಟ್ಟುಕೊಳ್ಳಿ. 1.7 ಕೋಟಿ × 6.25 ಸೆಂಟ್ = 10 ಲಕ್ಷದ 62 ಸಾವಿರದ 500 ಡಾಲರ್. ಇದು ಅವರ ಪಾಸ್‌ಬುಕ್ ಅಲ್ಲ, ನಾನು ಹಾಕಿದ ಅಂದಾಜು. ಒಂದು ದೇಶ, ಒಂದು ಆಲ್ಬಮ್ ಮಾತ್ರ. ಸಿಂಗಲ್ ಬೇರೆ, ರೇಡಿಯೊ ಬೇರೆ, ಉಳಿದ ದೇಶಗಳು ಬೇರೆ.

1974ರಲ್ಲಿ ಸಹಿ ಹಾಕಿಬಿಟ್ಟಿದ್ರೆ, ಇದರಲ್ಲಿ ಪಬ್ಲಿಷಿಂಗ್ ಭಾಗದ ಅರ್ಧ ಇನ್ಯಾರದೋ ಜೇಬಿಗೆ ಹೋಗ್ತಿತ್ತು. ವಿಟ್ನಿ ಹಾಡಿಗೆ ಎಲ್ವಿಸ್ ಕಡೆಯವರಿಗೆ ಪಾಲು! ಎಲ್ವಿಸ್ ತೀರಿಕೊಂಡದ್ದು 1977ರಲ್ಲಿ ಅನ್ನೋದನ್ನ ಮರೀಬೇಡಿ.

ಬಂದ ದುಡ್ಡಲ್ಲಿ ಸ್ವಲ್ಪವನ್ನ ಡಾಲಿ ನ್ಯಾಶ್‌ವಿಲ್‌ನಲ್ಲಿ ಕಪ್ಪು ಜನರೇ ಹೆಚ್ಚಾಗಿದ್ದ ಬಡಾವಣೆಯೊಂದರಲ್ಲಿ ಅಂಗಡಿ ಸಾಲಿನ ಕಟ್ಟಡಕ್ಕೆ ಹಾಕಿದ್ರು. ಅದು ವಿಟ್ನಿಯಿಂದ ಬಂದದ್ದು ಅಂತ 2021ರಲ್ಲಿ ಟಿವಿಯಲ್ಲಿ ಸಂತೋಷದಿಂದ ಹೇಳಿಕೊಂಡ್ರು.

ನಮ್ಮ ಪಠ್ಯಪುಸ್ತಕದಲ್ಲಿ ಕಾಪಿರೈಟ್ ಅಂದ್ರೆ ಕಣ್ಣಿಗೆ ಕಾಣದ ಆಸ್ತಿ ಅಂತ ಒಂದು ಸಾಲಲ್ಲಿ ಮುಗಿಸ್ತಾರೆ. ಕಾಣದ ಆಸ್ತಿಯನ್ನ ಬಿಟ್ಟುಕೊಡೋದು ಸುಲಭ, ಯಾಕಂದ್ರೆ ಏನು ಬಿಟ್ಟೆವು ಅಂತಲೂ ಕಾಣಲ್ಲ. 28ರ ಹರೆಯದ ಡಾಲಿಗೆ ಅದು ಕಂಡಿತ್ತು.

8/10

ಇಲ್ಲಿಗೆ ನಿಲ್ಲಿಸಿ ಚಪ್ಪಾಳೆ ಹೊಡೆದ್ರೆ ಅರ್ಧ ಕಥೆ ಹೇಳಿದ ಹಾಗೆ. ವಿಟ್ನಿ ಕಡೆಯಿಂದಲೂ ನೋಡಬೇಕು.

ಅಮೆರಿಕದ ಎಎಂ, ಎಫ್‌ಎಂ ರೇಡಿಯೊಗಳು ಬಹಳ ಕಾಲದಿಂದ ನಡೆಸಿಕೊಂಡು ಬಂದ ಪದ್ಧತಿ ಏನು ಗೊತ್ತಾ? ಹಾಡು ಪ್ರಸಾರ ಆದಾಗ ಬರೆದವರಿಗೆ, ಪಬ್ಲಿಷರ್‌ಗೆ ದುಡ್ಡು. ಹಾಡಿದವರಿಗೆ ಇಲ್ಲ. ಪ್ರಸಾರವೇ ಪ್ರಚಾರ, ಅದರಿಂದ ರೆಕಾರ್ಡ್ ಮಾರಾಟ ಆಗುತ್ತಲ್ಲ ಅನ್ನೋದು ವಾದ. ಅಂದ್ರೆ ಆ 14 ವಾರ ಅಮೆರಿಕದ ರೇಡಿಯೊಗಳಲ್ಲಿ ವಿಟ್ನಿ ದನಿ ಎಷ್ಟೇ ಮೊಳಗಲಿ, ಆ ಪ್ರಸಾರದ ಹಣ ಡಾಲಿ ಕಡೆಗೆ ಬಂತು, ವಿಟ್ನಿಗೆ ಅಲ್ಲ. ವಿಟ್ನಿಗೆ ಸಿಕ್ಕಿದ್ದು ರೆಕಾರ್ಡ್ ಮಾರಾಟದ ಪಾಲು.

ಇದು ಸರಿಯಾ? ನನ್ನ ಉತ್ತರ: ಇಲ್ಲ. ಡಾಲಿಯ ಹಕ್ಕನ್ನ ಹೊಗಳೋರು ಇದನ್ನ ಮುಚ್ಚಿಡಬಾರದು. ಆ ಒಂಟಿ ದನಿಯ ಆರಂಭ, ಆ ಉಸಿರು, ಶ್ರುತಿ ಏರಿದ ಮೇಲಿನ ಆ ಸ್ವರ, ಯಾವುದೂ ಡಾಲಿಯ ಕಾಗದದಲ್ಲಿ ಇರಲಿಲ್ಲ. ಹೂ ಕಟ್ಟಿದ ಕೈಗೆ ಕೂಲಿ ಸಿಗಬೇಕು ಅಂತ ವಾದಿಸೋರು ಹೂ ಬೆಳೆದ ಕೈಯನ್ನ ಮರೀಬಾರದು, ಹೂ ಬೆಳೆದವರ ಪರ ನಿಂತವರು ಕಟ್ಟಿದವರನ್ನ ಮರೀಬಾರದು.

ಆದ್ರೂ ಒಂದು ವ್ಯತ್ಯಾಸ ಇದೆ. ಹಾಡಿದವರನ್ನ ಜಗತ್ತು ನೆನಪಿಡುತ್ತೆ, ದನಿಯೇ ಅವರ ಸಹಿ. ಬರೆದವರಿಗೆ ಕಾಗದದ ಮೇಲಿನ ಹೆಸರು ಬಿಟ್ಟರೆ ಬೇರೆ ಗುರುತಿಲ್ಲ. ಅದಕ್ಕೇ ಬರೆದವರ ಹಕ್ಕು ಮೊದಲು ಗಟ್ಟಿ ಇರಬೇಕು ಅಂತ ನಾನು ಹೇಳೋದು. ಹಾಡಿದವರ ಪಾಲು ಅದರ ಪಕ್ಕದಲ್ಲಿ ಸೇರಬೇಕು, ಅದನ್ನ ಕಿತ್ತುಕೊಂಡು ಅಲ್ಲ.

9/10

ಇನ್ನೊಂದು ಆಕ್ಷೇಪ: "ಕವರ್ ಮಾಡ್ತಾ ಮಾಡ್ತಾ ಹಾಡಿನ ಅರ್ಥ ಹಾಳಾಗುತ್ತೆ."

ಹಾಳಾಗೋದುಂಟು. ಬೇರೆಯಾಗೋ ಹೊತ್ತಿನ ಹಾಡನ್ನ ಮದುವೆಯಲ್ಲಿ ಹಾಕ್ತೀವಿ. 2002ರಲ್ಲಿ ಇರಾಕಿನಲ್ಲಿ ಸದ್ದಾಂ ಹುಸೇನ್ ಒಬ್ಬರೇ ನಿಂತಿದ್ದ ಜನಮತಗಣನೆಯ ಪ್ರಚಾರಕ್ಕೂ ಈ ಹಾಡನ್ನ ಬಳಸಿದ್ರು. ನಾನು ಹೋಗ್ತೀನಿ ಅನ್ನೋ ಹಾಡು, ಕುರ್ಚಿ ಬಿಡಲ್ಲ ಅನ್ನೋರಿಗೆ!

ಆದ್ರೆ ಹಾಡು ತನ್ನ ಅರ್ಥಕ್ಕೆ ವಾಪಸ್ ಬರೋದೂ ಉಂಟು. 1995ರಲ್ಲಿ ಡಾಲಿ ಇದನ್ನ ವಿನ್ಸ್ ಗಿಲ್ ಜೊತೆ ಯುಗಳ ಗೀತೆಯಾಗಿ ಹಾಡಿದ್ರು. ಹೋಗೋರು, ಉಳಿಯೋರು ಇಬ್ಬರಿಗೂ ಅದರಲ್ಲಿ ಬಾಯಿ ಬಂತು. 2012ರ ಫೆಬ್ರುವರಿ 11ರಂದು ವಿಟ್ನಿ ತೀರಿಕೊಂಡ್ರು, ವಯಸ್ಸು 48. ಮರುದಿನ ಗ್ರ್ಯಾಮಿ ವೇದಿಕೆಯಲ್ಲಿ ಜೆನಿಫರ್ ಹಡ್ಸನ್ ಇದನ್ನೇ ಹಾಡಿದ್ರು. ಅಂತ್ಯಕ್ರಿಯೆಯಲ್ಲಿ ಶವಪೆಟ್ಟಿಗೆಯನ್ನ ಹೊರಗೆ ತರುವಾಗ ವಿಟ್ನಿಯದೇ ದನಿ ಮೊಳಗಿತು. 20 ವರ್ಷ ಹಳೇ ರೆಕಾರ್ಡ್ ಮತ್ತೆ ಬಿಲ್‌ಬೋರ್ಡ್ ಪಟ್ಟಿಯ ಮೂರನೇ ಸ್ಥಾನಕ್ಕೆ ಏರಿತು.

ಯಾರೋ ಒಬ್ಬರು ಆಫೀಸಿನಲ್ಲಿ ಕೂತು ಕೇಳಿದ ವಿದಾಯ, 39 ವರ್ಷದ ನಂತರ ಅದನ್ನ ಲೋಕಕ್ಕೆಲ್ಲ ಹಾಡಿದವರ ವಿದಾಯವೂ ಆಯ್ತು. ಆಗ ಯಾರಿಗೂ ಒರಿಜಿನಲ್ ಯಾವುದು ಅಂತ ಜಗಳ ಆಡಬೇಕು ಅನ್ನಿಸಲಿಲ್ಲ. ಈ ಹಾಡು ಇಷ್ಟು ಕಾಲ ಬಾಳಿದ್ದೇ ಬೇರೆಯವರು ಅದನ್ನ ಬೇರೆ ಬೇರೆ ಥರ ಹಾಡಿದ್ದರಿಂದ. ಹಾಗಾಗಿ ಕವರ್‌ಗಳ ಮೇಲೆ ನನಗೆ ಸಿಟ್ಟಿಲ್ಲ. ಹೆಸರಿಲ್ಲದ ಕವರ್‌ಗಳ ಮೇಲೆ ಮಾತ್ರ ಇದೆ.

10/10

ಇದೆಲ್ಲ ಅಮೆರಿಕದ ಕಥೆ, ನಮಗೇನು ಅಂತೀರಾ? ಇದೆ.

ನಮ್ಮ ದೇಶದಲ್ಲಿ ಕಾಪಿರೈಟ್ ಕಾಯಿದೆಗೆ 2012ರಲ್ಲಿ ತಿದ್ದುಪಡಿ ಬಂತು. ಸಿನಿಮಾ ಹಾಡು ಬರೆದವರು, ರಾಗ ಹಾಕಿದವರು ಹಕ್ಕನ್ನ ನಿರ್ಮಾಪಕರಿಗೆ ಕೊಟ್ಟ ಮೇಲೂ, ಚಿತ್ರಮಂದಿರದ ಆಚೆ ಆ ಹಾಡು ಬಳಕೆ ಆದಾಗ ರಾಯಧನದಲ್ಲಿ ಸಮಪಾಲು ಪಡೆಯೋ ಅವಕಾಶ ಬಂತು. ಆ ಪಾಲನ್ನ ಬಿಟ್ಟುಕೊಡ್ತೀನಿ ಅಂತ ಬರೆಸಿಕೊಂಡ್ರೂ ಅದು ಊರ್ಜಿತ ಅಲ್ಲ. ರಾಜ್ಯಸಭೆಯಲ್ಲಿ ಇದಕ್ಕಾಗಿ ದನಿ ಎತ್ತಿದವರಲ್ಲಿ ಗೀತರಚನೆಕಾರ ಜಾವೇದ್ ಅಖ್ತರ್ ಮುಖ್ಯರು. ಹಾಡಿದವರಿಗೂ ವಾಣಿಜ್ಯ ಬಳಕೆಯಲ್ಲಿ ರಾಯಧನದ ಹಕ್ಕನ್ನ ಅದೇ ತಿದ್ದುಪಡಿ ಹೇಳಿತು. ಕವರ್ ರೆಕಾರ್ಡ್ ಮಾಡೋಕೂ ನಿಯಮ ಇದೆ: ಮೂಲ ರೆಕಾರ್ಡ್ ಬಂದ ವರ್ಷ ಮುಗಿದು ಐದು ವರ್ಷ ಕಾಯಬೇಕು, ಹಕ್ಕುದಾರರಿಗೆ ಮೊದಲೇ ತಿಳಿಸಿ ರಾಯಧನ ಕಟ್ಟಬೇಕು. ಡಾಲಿ ಒಂದು ರಾತ್ರಿ ಅತ್ತು ಉಳಿಸಿಕೊಂಡ ಥರದ್ದನ್ನ, ಕನ್ನಡದ ಗೀತರಚನೆಕಾರರಿಗೆ ಇವತ್ತು ಕಾನೂನು ಕಾಗದದ ಮೇಲಾದ್ರೂ ಕಾಯುತ್ತೆ.

ಕಾನೂನು ಮಾಡದ ಒಂದು ಕೆಲಸ ನಮ್ಮ ಕೈಲಿದೆ. ನಾವು ಹಾಡುಗಳನ್ನ ನಟರ ಹೆಸರಲ್ಲಿ ಹೇಳ್ತೀವಿ, ಹೆಚ್ಚಂದ್ರೆ ಗಾಯಕರ ಹೆಸರಲ್ಲಿ. ಅಣ್ಣಾವ್ರ ಹಾಡು ಅಂತೀವಿ, ಅವುಗಳಲ್ಲಿ ಎಷ್ಟನ್ನ ಚಿ. ಉದಯಶಂಕರ್ ಬರೆದ್ರು ಅಂತ ನೆನೆಯೋದು ಕಮ್ಮಿ. ಕಾಲೇಜು ಫೆಸ್ಟಿನಲ್ಲಿ ಹಾಡ್ತೀರಾ? ಹಾಡೋ ಮುಂಚೆ ಬರೆದವರ ಹೆಸರು ಹೇಳಿ. ಕವರ್ ರೀಲ್ ಹಾಕ್ತೀರಾ? ಸಾಹಿತ್ಯ, ಸಂಗೀತ, ಮೂಲ ಗಾಯನ ಅಂತ ಮೂರು ಸಾಲು ಹಾಕಿ. ನೀವೇ ಹಾಡು ಬರೀತೀರಾ? ಯಾರಾದ್ರೂ ಕಾಗದ ತಂದು "ಸುಮ್ನೆ ಒಂದು ಸಹಿ" ಅಂದ್ರೆ, ಆ ರಾತ್ರಿ ಸಹಿ ಹಾಕಬೇಡಿ. ಬೆಳಿಗ್ಗೆ ಓದಿ, ತಿಳಿದವರಿಂದ ಓದಿಸಿ, ಆಮೇಲೆ ಹಾಕಿ.

ನಿಮಗೆ ತುಂಬಾ ಇಷ್ಟವಾದ ಒಂದು ಹಾಡಿನ ಹೆಸರು, ಅದನ್ನ ಬರೆದವರ ಹೆಸರು, ಎರಡನ್ನೂ ಕಾಮೆಂಟಿನಲ್ಲಿ ಹಾಕಿ. ಬರೆದವರು ಯಾರು ಅಂತ ಹುಡುಕಬೇಕಾಗಿ ಬಂದ್ರೆ, ಹುಡುಕಿಯೇ ಹಾಕಿ.

#ಹಾಡಿನಲೆಕ್ಕ #ಬರೆದವರಹೆಸರುಹೇಳಿ #ಕನ್ನಡಬರಹ